ಎಡಗಡೆಯ ಪಲ್ಯ

ಸ್ನೇಹಿತರೇ, ಮಧುಗಿರಿಯ ಆಸ್ಪತ್ರೆಯೊಂದರ ತಂಡದಲ್ಲಿ ನಾನು ನ್ಯೂರೋಸೈಕಾಲಜಿಸ್ಟ್, ಮೆದುಳು-ಮನಸ್ಸಿನ ತಜ್ಞೆ. ಅಂದರೆ ಉಳಿದ ಡಾಕ್ಟರುಗಳಿಗೆ ಏನೂ ತೋಚದಾಗ ನೆನಪಾಗುವವಳು.

ಇವತ್ತು ನೆನಪಾದದ್ದು ಮಿಡಿಗೇಶಿಯ ರುದ್ರಣ್ಣನವರಿಂದ. ಸ್ಟ್ರೋಕ್ ಆಗಿ ಚೇತರಿಸಿಕೊಂಡವರು. ಹೆಂಡತಿ ಗಂಗಮ್ಮ ಪಲ್ಯವನ್ನೇ ಬಡಿಸುವುದಿಲ್ಲವೆಂದು ದಿನಾ ಜಗಳ. ಫಿಸಿಷಿಯನ್ ಮಾತ್ರೆ ಬದಲಾಯಿಸಿದ್ದರು, ಕಣ್ಣಿನ ಡಾಕ್ಟರು ಕನ್ನಡಕ ಬದಲಾಯಿಸಿದ್ದರು, ಇಬ್ಬರೂ ಸೇರಿ ಗಂಗಮ್ಮನಿಗೆ ಬುದ್ಧಿ ಹೇಳಿದ್ದರು.

ಮಧ್ಯಾಹ್ನ ಆ ಇಬ್ಬರು ಡಾಕ್ಟರುಗಳ ಎದುರೇ ರುದ್ರಣ್ಣನವರನ್ನು ಊಟಕ್ಕೆ ಕೂರಿಸಿದೆ. ತಟ್ಟೆಯ ಬಲಗಡೆಯಿದ್ದ ಮುದ್ದೆ ಮುಗಿಸಿ, "ಪಲ್ಯ ಎಲ್ಲೇ?" ಎಂದು ಹೆಂಡತಿಯನ್ನು ಗದರಿದರು. ನಾನು ತಟ್ಟೆ ತಿರುಗಿಸಿದೆ. ಎಡಗಡೆಯಿದ್ದ ಪಲ್ಯ ಬಲಕ್ಕೆ ಬಂತು.

"ಬೈದ್ಮೇಲೆ ಇಕ್ತಾಳೆ, ನೋಡಿ ಸಾ!" ಎಂದು ರುದ್ರಣ್ಣನವರು ಡಾಕ್ಟರುಗಳತ್ತ ತಿರುಗಿದರು.

"ಕಣ್ಣು ಚೆನ್ನಾಗಿದೆ. ಸ್ಟ್ರೋಕ್ ಆದ ಮೇಲೆ ಇವರ ಮೆದುಳು ಎಡಗಡೆ ಗಮನ ಕೊಡುತ್ತಿಲ್ಲ," ಎಂದು ವಿವರಿಸಿದೆ.

ಗಂಗಮ್ಮ ಗಂಡನನ್ನೊಮ್ಮೆ ನೋಡಿ ಕೇಳಿದರು: "ಧಾರೆ ಆದಾಗ್ಲಿಂದ ನಾನೂ ಎಡಗಡೇಲೇ ಕುಂತಿದೀನಿ ಕಣಮ್ಮ. ಇವತ್ಗಂಟ ಇವರ ಕಣ್ಣಿಗೆ ಬಿದ್ದಿಲ್ಲ. ಅದ್ಯಾವ ಸ್ಟ್ರೋಕು?"

ಯಾವುದಕ್ಕೂ ಒಮ್ಮತಕ್ಕೆ ಬಾರದ ನಮ್ಮ ತಂಡ ಇವತ್ತು ಮೊದಲ ಸಲ ಒಂದಾಯಿತು. ಇಬ್ಬರು ಡಾಕ್ಟರುಗಳೂ ಒಟ್ಟಿಗೇ ನನ್ನ ಕಡೆ ಬೆರಳು ತೋರಿಸಿದರು: "ಅದು ಮೇಡಂ ಡಿಪಾರ್ಟ್‌ಮೆಂಟು!"