ಭಾಗ ಹೋಗದ ಒಂದು ಲಕ್ಷದ ಮೂರು

ಅರವತ್ತರ ದಶಕದ ಮಾತು. ಶಿಡ್ಲಘಟ್ಟದ ನಮ್ಮ ಮನೆಗೆ ತಂಗಿಯನ್ನು ನೋಡಲು ಚಿಕ್ಕಬಳ್ಳಾಪುರದಿಂದ ಗಂಡಿನ ಕಡೆಯವರು ಬಂದರು. ಹುಡುಗ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಬೇರೆಯವರಾದರೆ ಒಂದು ಹಾಡು ಹೇಳಮ್ಮ ಎನ್ನುತ್ತಿದ್ದರು. ಇವನು ಸ್ಲೇಟು ಕೇಳಿದ. ಅಪ್ಪನೇ ತಂದಿಟ್ಟ ಪೇಚು ಅದು: "ನಮ್ಮ ಹುಡುಗೀಗೆ ಲೆಕ್ಕ ಅಂದ್ರೆ ಪ್ರಾಣ ಸ್ವಾಮಿ" ಎಂದು ಬಾಯಿ ಬಿಟ್ಟಿದ್ದ.

ಹುಡುಗ 1,00,003 ಎಂದು ಬರೆದ.

"ಒಂದು ಬಿಟ್ಟು, ಇದೇ ಸಂಖ್ಯೆ ಬಿಟ್ಟು, ಇದನ್ನ ಶೇಷ ಇಲ್ದಂಗೆ ಭಾಗಿಸೋದು ಯಾವ್ದಾದ್ರೂ ಹುಡುಕಮ್ಮ. ಸಿಕ್ಕಿದ ದಿನ ಹೇಳಿ ಕಳ್ಸಿ, ಲಗ್ನ ಇಡಿಸಣ."

ಅಪ್ಪನ ಕಿವಿಗೆ ಬಿದ್ದದ್ದು ಲಗ್ನ ಒಂದೇ. ಮಾರನೆಯ ದಿನವೇ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ. ಅದೇ ತಿಂಗಳು ತೊಂಡೇಬಾವಿಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಹುಡುಗ, ನೀರಾವರಿ ಜಮೀನು. ಅಪ್ಪ ಅವರಿಗೆ ಕಾಫಿ ಕೊಟ್ಟು, "ನಮ್ಮ ಹುಡುಗಿ ಮೇಷ್ಟ್ರಿಗೆ ನಿಶ್ಚಯ ಆಗವ್ಳೆ" ಎಂದು ಕಳಿಸಿಬಿಟ್ಟ.

ತಂಗಿ ಸೊಪ್ಪು ಹಾಕಿ, ಹುಳದ ತಟ್ಟೆ ಸರಿಮಾಡಿ, ಉಳಿದ ಹೊತ್ತೆಲ್ಲ ಸ್ಲೇಟು ಹಿಡಿದಳು. ಕೊನೆಯಲ್ಲಿ ಮೂರಿದೆ, ಎರಡು, ಐದು ಆಗುವುದಿಲ್ಲ. ಅಂಕಿ ಕೂಡಿದರೆ ನಾಲ್ಕು, ಮೂರೂ ಆಗುವುದಿಲ್ಲ. ಏಳಕ್ಕೆ ಒಂದು ಉಳಿಯಿತು, ಹನ್ನೊಂದಕ್ಕೆ ಎರಡು, ಹದಿಮೂರಕ್ಕೆ ಏಳು. ಅಡುಗೆಮನೆಯಿಂದ ಅಜ್ಜಿ ದಿನಾ ಕೇಳುತ್ತಿದ್ದಳು: "ಒಡೀತೇನೇ ಅಮ್ಮಾಯಿ?"

ಮುನ್ನೂರ ಹದಿಮೂರರವರೆಗೆ ಹೋಗಿ ತಂಗಿ ನಿಲ್ಲಿಸಿದಳು.

"ಅಪ್ಪಾ, ಇದು ಯಾವ್ದರಿಂದ್ಲೂ ಹೋಗಲ್ಲ. ಅವ್ರಿಗೆ ಇಷ್ಟ ಇಲ್ಲ ಅನ್ಸುತ್ತೆ. ತೊಂಡೇಬಾವಿಯೋರ್ಗೆ ಹೇಳಿ ಕಳ್ಸು."

"ಲಕ್ಷದವರ್ಗೂ ಬಿದ್ದೈತೆ, ಮುನ್ನೂರಕ್ಕೇ ಸುಸ್ತಾ?"

"ಎರಡು ಸಂಖ್ಯೆ ಗುಣಿಸಿ ಇದು ಬರ್ಬೇಕಂದ್ರೆ ಒಂದಾದ್ರೂ ಚಿಕ್ಕದಿರ್ಬೇಕಲ್ಲಪ್ಪ. ಮುನ್ನೂರ ಹದಿನೇಳನ್ನ ಅದರಿಂದ್ಲೇ ಗುಣಿಸಿದ್ರೆ ಇದನ್ನ ದಾಟಿ ಹೋಗುತ್ತೆ. ಚಿಕ್ಕದೆಲ್ಲ ನೋಡಾಯ್ತು."

"ಇಷ್ಟು ದಪ್ಪ ಸಂಖ್ಯೆಗೆ ಒಂದೂ ಇಲ್ವಾ? ಮೈಗಳ್ಳಿ! ಮುಂದಕ್ಕೆ ಮಾಡು."

ಮುಂದಕ್ಕೆ ಮಾಡಿಸಿದ. ಉಪಯೋಗವಿಲ್ಲ ಎಂದು ಗೊತ್ತಿದ್ದೂ ಅವಳು ಭಾಗಿಸಿದಳು. ಅಪ್ಪ ಎದುರಿಗೇ ಕೂತು ಬೀಡಿ ಸೇದುತ್ತಿದ್ದ. ಅವಳು ಸ್ಲೇಟು ಕೆಳಗಿಟ್ಟರೆ, "ಊಟದ ತಟ್ಟೆ ಮುಂದೆ ಕೂತ್ಕೊಳಕ್ಕೆ ಬೇಜಾರಿಲ್ಲ ನಿಂಗೆ" ಎಂದು ಚುಚ್ಚುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಇನ್ನಷ್ಟು ದಿನ ಕಾಯಲು ಹೇಳೋಣವೆಂದು ಅಪ್ಪ ನನ್ನನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ. ಮೇಷ್ಟ್ರ ಮನೆಯ ಬಾಗಿಲಿಗೆ ಮದುವೆಯ ತೋರಣ ಒಣಗಿ ಇನ್ನೂ ನೇತಾಡುತ್ತಿತ್ತು. ಹೊಸ ಹೆಂಡತಿ ನೀರು ತಂದುಕೊಟ್ಟಳು.

"ಅಯ್ಯೋ ಯಜಮಾನ್ರೇ, ಇನ್ನೂ ಭಾಗಿಸ್ತಾ ಅವ್ಳಾ?" ಎಂದು ಮೇಷ್ಟ್ರು ನಕ್ಕ. "ಎದುರಿಗೇ ಬೇಡ ಅನ್ನಕ್ಕೆ ನಮ್ಮಮ್ಮಂಗೆ ಮುಜುಗರ. ಅದಕ್ಕೇ ಭಾಗ ಹೋಗದೇ ಇರೋದ್ನ ಕೊಟ್ಟೆ. ಲೆಕ್ಕ ಬರೋ ಹುಡುಗಿ, ಅರ್ಥ ಮಾಡ್ಕೊಂತಾಳೆ ಅಂದ್ಕೊಂಡೆ."

ಮನೆಗೆ ಬಂದ ಅಪ್ಪ ಸ್ಲೇಟನ್ನು ತಂಗಿಯ ತೊಡೆಯ ಮೇಲಿಂದ ಕಿತ್ತು ಅಂಗಳಕ್ಕೆ ಎಸೆದ.

"ತೊಂಡೇಬಾವಿ ಹುಡುಗಂಗೂ ಮದ್ವೆ ಆಗೋಯ್ತಂತೆ. ಮೊದ್ಲೇ ಬಾಯಿ ಬಿಡಕ್ಕೇನಾಗಿತ್ತೇ ನಿಂಗೆ?"

"ಹೇಳಿದ್ನಲ್ಲಪ್ಪ."

ಅದಕ್ಕೆ ಕೆನ್ನೆಗೆ ಬಿತ್ತು.