ಚುಕ್ಕೆ ಅಕ್ಕನ ಕೊನೆಯ ಎಣಿಕೆ

ನನ್ನ ಹೆಂಡತಿಯ ಜೊತೆ ಸಂಸಾರ ಮಾಡುವುದು ಎಂಥ ಪಾಡು ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಬೈಯುವವಳಲ್ಲ, ದುಂದು ಮಾಡುವವಳಲ್ಲ, ನೆರೆಹೊರೆಯವರ ಜೊತೆ ಜಗಳಕ್ಕೆ ನಿಲ್ಲುವವಳೂ ಅಲ್ಲ. ಅವಳ ಕಾಟವೇ ಬೇರೆ. ಇಪ್ಪತ್ತೆಂದರೆ ಇಪ್ಪತ್ತೇ ಇರಬೇಕು, ಹತ್ತೊಂಬತ್ತಾದರೆ ಜೀವಕ್ಕೆ ಸಮಾಧಾನವಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪು ಒಂದು ಕಡಿಮೆಯಾದರೆ ಮನೆಯ ಹಾಸಿಗೆಗಳನ್ನೆಲ್ಲ ಎತ್ತಿ ಕೊಡವುತ್ತಾಳೆ. ನನ್ನ ಬೆನ್ನ ಮೇಲೆ ಒಂಬತ್ತು ಮಚ್ಚೆಗಳಿವೆಯಂತೆ. ಮದುವೆಯಾದ ಹೊಸದರಲ್ಲೇ ಎಣಿಸಿ ಮುಗಿಸಿದ್ದಳು.

ಅವಳ ಕೆಲಸವೂ ಅದೇ. ಬೆಳೆರೋಗಗಳ ಸಂಶೋಧನಾ ಕೇಂದ್ರದಲ್ಲಿ ಟೊಮೆಟೊ ಎಲೆಯ ಮೇಲಿನ ಚುಕ್ಕೆ ಎಣಿಸುವುದು. ದುಂಡಾಣು ತಗುಲಿದರೆ ಎಲೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಏಳುತ್ತವೆ, ಆಮೇಲೆ ಎಲೆ ಹಳದಿಯಾಗಿ ಉದುರುತ್ತದೆ, ಕಾಯಿಗೆ ಕಜ್ಜಿ ಹಿಡಿಯುತ್ತದೆ. ಇವಳು ಮೊದಲು ಬಂದದ್ದು ಕಳೆ ಕೀಳಲು. ಒಂದು ದಿನ ಓದಿದವರು ಮೂರು ಜನ ಭೂತಗನ್ನಡಿ ಹಿಡಿದು ‘ನಲವತ್ತು’ ಎಂದ ಎಲೆಯನ್ನು ಹಿಂದಿನಿಂದ ಬಗ್ಗಿ ನೋಡಿ, ‘ನಲವತ್ಮೂರು’ ಎಂದಳು. ಮತ್ತೆ ಎಣಿಸಿದರೆ ನಲವತ್ಮೂರೇ. ಅಂದಿನಿಂದ ಇಪ್ಪತ್ತಾರು ವರ್ಷ ಅದೇ ಕೆಲಸ. ಕೇಂದ್ರದಲ್ಲಿ ಎಲ್ಲರಿಗೂ ಅವಳು ಚುಕ್ಕೆ ಅಕ್ಕ.

ಆ ಇಪ್ಪತ್ತಾರು ವರ್ಷವೂ ಅವಳು ಎಣಿಸಿದ್ದೆಲ್ಲ ಸೋಲೇ. ತಾಮ್ರದ ಔಷಧಿ ಬಂತು. ಕೆಲವೇ ಬೆಳೆ ಕಳೆಯುವಷ್ಟರಲ್ಲಿ ದುಂಡಾಣು ಅದಕ್ಕೆ ಒಗ್ಗಿಕೊಂಡಿತು. ಆಮೇಲೆ ಬಂದವುಗಳ ಗತಿಯೂ ಅಷ್ಟೇ. ಈ ವರ್ಷ ಪೆಪ್ಟೈಡ್ ಬಂದಿತ್ತು. ಪ್ರೋಟೀನಿನ ಪುಟ್ಟ ಚೂರಂತೆ. ಗಿಡವಿರಲಿ, ಕಪ್ಪೆಯಿರಲಿ, ನಾವಿರಲಿ, ರೋಗ ತಡೆಯಲು ಮೈಯೇ ಇಂಥದ್ದನ್ನು ಮಾಡಿಕೊಳ್ಳುತ್ತದಂತೆ. ಅದು ಎಲೆಯ ಮೇಲೆ ಕೂತು ದುಂಡಾಣುವಿನ ಹೊರಪದರಕ್ಕೆ ತೂತು ಕೊರೆದು ಕೊಲ್ಲುತ್ತದೆ, ಆದರೆ ದುಂಡಾಣು ಎಲೆಯೊಳಗೆ ನುಗ್ಗಿದ ಮೇಲೆ ಏನೂ ಮಾಡಲಾರದು ಎಂದು ಈ ಪ್ರಯೋಗ ನಡೆಸುವ ವಿಜ್ಞಾನಿ ಮೇಡಂ ಬಿಡಿಸಿ ಹೇಳಿದ್ದರು. ಈ ಬೆಳೆ ಮುಗಿದರೆ ನನ್ನವಳಿಗೆ ನಿವೃತ್ತಿ. ‘ಒಂದು ಬೆಳೆನಾದ್ರೂ ಕೊನೇವರೆಗೂ ಎಣಿಸಿ, ಆ ರೋಗ ಸೋತಿದ್ದನ್ನ ಕಣ್ಣಾರೆ ನೋಡಿ ಮನೆಗೆ ಬರ್ತೀನಿ ರೀ’ ಎನ್ನುತ್ತಿದ್ದಳು. ಅವಳು ಬಾಯಿಬಿಟ್ಟು ಏನಾದರೂ ಬೇಕು ಎಂದದ್ದೇ ಅಪರೂಪ.

ಅದೇ ಕೇಂದ್ರದಲ್ಲಿ ಔಷಧಿ ಹೊಡೆಯುವವನು ನಾನು. ತಾಪತ್ರಯ ಇದ್ದದ್ದೇ ಅಲ್ಲಿ. ಪಾಲಿಹೌಸಿನಲ್ಲಿ ಹನ್ನೆರಡು ಸಾಲು ಗಿಡ. ಆರಕ್ಕೆ ಪೆಪ್ಟೈಡ್, ಆರಕ್ಕೆ ಬರೀ ನೀರು. ಯಾವ ಸಾಲಿಗೆ ಯಾವುದು ಎಂಬ ಪಟ್ಟಿ ಮೇಡಂ ಹತ್ತಿರ ಒಂದು, ನನ್ನ ಹತ್ತಿರ ಒಂದು. ಎಣಿಸುವವರಿಗೆ ಮಾತ್ರ ಗೊತ್ತಾಗಕೂಡದು. ಗೊತ್ತಾದರೆ ಕಣ್ಣು ತನಗೆ ಬೇಕಾದ ಕಡೆ ವಾಲುತ್ತದೆ. ನಿಯಮವೇನೋ ಮೇಡಂದು, ಆದರೆ ಅದನ್ನು ಹಿಡಿದುಕೊಂಡು ನನ್ನ ಪ್ರಾಣ ತಿಂದವಳು ಇವಳು. ಸಸಿ ನೆಟ್ಟ ದಿನದಿಂದ ಮನೆಯಲ್ಲಿ ಕೆಲಸದ ಮಾತೇ ಬಂದ್. ನಾನೋ ಹುಟ್ಟಾ ವಾಚಾಳಿ. ‘ಇವತ್ತು ಐದನೇ…’ ಎಂದು ಬಾಯಿ ತೆರೆದರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು.

‘ಅಲ್ವೇ, ಐದನೇ ನಂಬರ್ ಬಸ್ಸು ತಡ ಆಯ್ತು ಅನ್ನೋಕೆ ಹೊರಟಿದ್ದೆ!’

‘ಬೇಡ ರೀ. ನಿಮ್ಮ ಬಾಯಿ ಮೇಲೆ ನನಗೆ ನಂಬಿಕೆ ಇಲ್ಲ.’

ಮೊದಲ ಸಲ ಔಷಧಿ ಹೊಡೆದ ದಿನ ನಾನು ಎಡವಟ್ಟು ಮಾಡಿದೆ. ಮರುದಿನ ಗಿಡಗಳ ಮೇಲೆ ದುಂಡಾಣು ಬಿಡುವುದಿತ್ತು, ಹಾಗಾಗಿ ಎಲ್ಲಕ್ಕಿಂತ ಮುಖ್ಯವಾದದ್ದು ಅಂದಿನ ಸಿಂಪಡಣೆಯೇ. ಬೆನ್ನಿಗೆ ಹಾಕುವ ಪಂಪು ಎರಡು. ಎರಡರಲ್ಲಿರುವುದೂ ನೋಡಲು ನೀರೇ, ಬಣ್ಣವಿಲ್ಲ, ವಾಸನೆಯಿಲ್ಲ. ಪೆಪ್ಟೈಡ್ ಬಿಸಿಗೆ ಕೆಡುತ್ತದೆಂದು ಅದನ್ನು ಐಸ್ ನೀರಿನಲ್ಲಿ ಬೆರೆಸುತ್ತೇನೆ, ಆ ಪಂಪು ಹೊತ್ತರೆ ಅಂಗಿಯ ಮೇಲಿಂದಲೇ ಬೆನ್ನು ತಣ್ಣಗಾಗುತ್ತದೆ. ಅವತ್ತು ಕಾವಲುಗಾರ ತನ್ನ ಸೈಕಲ್ ಕಳುವಾದ ಕಥೆ ತೆಗೆದಿದ್ದ. ನಾನು ಸುಮ್ಮನಿರುತ್ತೇನೆಯೇ? ಅವನಿಗೆ ಬುದ್ಧಿ ಹೇಳುತ್ತಲೇ ಒಂದು ಪಂಪು ಏರಿಸಿ ಏಳನೇ ಸಾಲು ಮುಗಿಸಿದೆ, ಇನ್ನೊಂದು ಏರಿಸಿ ಎಂಟನೆಯದಕ್ಕೆ ಹೊಡೆದೆ. ಎಂಟು ಮುಗಿಯುವಷ್ಟರಲ್ಲಿ ಬೆನ್ನು ತಣ್ಣಗೆ ಕೊರೆಯುತ್ತಿತ್ತು. ಜೇಬಿನಿಂದ ಪಟ್ಟಿ ತೆಗೆದು ನೋಡಿದೆ. ಪಟ್ಟಿಯ ಪ್ರಕಾರ ಔಷಧಿ ಏಳಕ್ಕೆ, ನೀರು ಎಂಟಕ್ಕೆ.

ಆಗಲೇ ಮೇಡಂಗೆ ಹೇಳಬೇಕಿತ್ತು. ಹೇಳಿದರೆ ಎಲ್ಲ ಕಿತ್ತು ಹೊಸದಾಗಿ ಸಸಿ ನೆಡಿಸುತ್ತಾರೆ, ಅಷ್ಟರಲ್ಲಿ ಇವಳ ನಿವೃತ್ತಿ ಬರುತ್ತದೆ, ಅವಳ ಆಸೆ ಅಲ್ಲಿಗೆ ಮುಗಿಯಿತು. ಹನ್ನೆರಡರಲ್ಲಿ ಎರಡು ಸಾಲು ಅದಲುಬದಲಾದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಸುಮ್ಮನಾದೆ. ಯಾರಿಗಂತೆ! ಎಣಿಸುವವಳು ಯಾರು ಎಂಬುದನ್ನೇ ಮರೆತಿದ್ದ ನನ್ನ ತಲೆಗೆ ಏನು ಹೇಳಬೇಕೋ.

ಹತ್ತು ದಿನದ ಮೇಲೆ ಮೊದಲ ಎಣಿಕೆ ಆಯಿತು. ಮೇಡಂ ಇರುವುದು ಬೇರೆ ಊರಿನ ಮುಖ್ಯ ಕಚೇರಿಯಲ್ಲಿ, ತಿಂಗಳಿಗೊಮ್ಮೆ ಬರುತ್ತಾರೆ. ಲೆಕ್ಕ ಫೋನಿನಲ್ಲಿ ಹೋಗುತ್ತದೆ. ಮರುದಿನ ಅವರ ಕರೆ ಬಂತು.

‘ಅಕ್ಕಾ, ಎರಡು ಸಾಲಿನ ಲೆಕ್ಕ ತಲೆಕೆಳಗಾಗಿ ಬಂದಿದೆ. ಯಾವುದು ಅಂತ ನಾನು ಹೇಳೋ ಹಾಗಿಲ್ಲ, ನಿಮಗೇ ಗೊತ್ತಲ್ಲ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ. ಮುಂದಿನ ಎಣಿಕೆನೂ ಹೀಗೇ ಆದ್ರೆ ಪಕ್ಕದ ಕೇಂದ್ರದಿಂದ ಯಾರನ್ನಾದ್ರೂ ಕರೆಸ್ತೀನಿ. ಬೇಜಾರು ಮಾಡ್ಕೋಬೇಡಿ.’

ಆಮೇಲೆ ಫೋನು ನನಗೆ ಕೊಡಿಸಿದರು. ‘ನೀವು ಪಟ್ಟಿ ಪ್ರಕಾರನೇ ಹೊಡೆದಿದ್ದೀರಿ ತಾನೆ?’

‘ಹೂಂ ಮೇಡಂ’ ಎಂದೆ. ದಿನವಿಡೀ ವಟಗುಟ್ಟುವ ಬಾಯಿಂದ ಅಂದು ಹೊರಬಿದ್ದದ್ದು ಅಷ್ಟೇ.

ಕಣ್ಣಿನ ಡಾಕ್ಟರು ಕಣ್ಣು ಕೊಂಚ ಒಣಗಿದೆ, ಬೇರೇನೂ ಇಲ್ಲ ಎಂದು ಹನಿ ಬರೆದುಕೊಟ್ಟರು. ಬೆಳಿಗ್ಗೆ ಸಂಜೆ ಹನಿ ಹಾಕಲು ನಾನೇ ಬೇಕು. ತಲೆ ಹಿಂದಕ್ಕೆ ವಾಲಿಸಿ, ಕಣ್ಣರಳಿಸಿ ಕೂರುತ್ತಿದ್ದಳು. ಏನೂ ಆಗದ ಕಣ್ಣಿಗೆ ಔಷಧಿ ಹಾಕುತ್ತಿದ್ದೇನೆಂದು ನನಗೆ ಗೊತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ನನ್ನ ಮೇಲೆ ನನಗೇ ಎಷ್ಟು ರೇಗಿತೆಂದರೆ, ಆ ಸಿಟ್ಟನ್ನೆಲ್ಲ ಚಹಾಕ್ಕೆ ಸಕ್ಕರೆ ಸಾಲದು ಎಂದು ಅವಳ ಮೇಲೆ ತೀರಿಸಿಕೊಂಡೆ.

ಒಂದು ಮಧ್ಯಾಹ್ನ ಕಿಟಕಿಯ ಜಾಲರಿಯ ಮುಂದೆ ನಿಂತಿದ್ದಳು. ‘ರೀ, ಈ ಮೇಲಿನ ಸಾಲಲ್ಲಿ ಎಷ್ಟು ತೂತಿವೆ, ಸ್ವಲ್ಪ ಎಣಿಸಿ.’ ಕಣ್ಣು ಕಿರಿದು ಮಾಡಿ ಎಣಿಸಿದೆ. ನೂರಾ ಹದಿನೆಂಟು. ‘ನನಗೆ ನೂರಾ ಹದಿನಾರು ಬಂತು’ ಎಂದು ಮುಖ ಸಣ್ಣದು ಮಾಡಿದಳು. ‘ಅಯ್ಯೋ, ತಪ್ಪಿದ್ದು ನಾನು ಕಣೇ!’ ಎಂದು ಬಡಕೊಂಡರೂ ನಂಬಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಲೆಕ್ಕ ಸರಿ ಎಂದು ಅವಳು ಒಪ್ಪಿಕೊಂಡದ್ದು ಅದೊಂದೇ ಸಲ, ಅದೂ ಖಂಡಿತ ತಪ್ಪಿದ್ದ ಲೆಕ್ಕ.

ಮೇಡಂ ಕರೆ ಬಂದ ಹತ್ತು ದಿನಕ್ಕೆ ಎರಡನೇ ಎಣಿಕೆ. ಅದಕ್ಕೆ ದುಪ್ಪಟ್ಟು ಹೊತ್ತು ಹಿಡಿಯಿತು. ಒಂದೊಂದು ಎಲೆಯನ್ನೂ ಮೂರು ಮೂರು ಸಲ ನೋಡಿದಳು. ಯಾವತ್ತೂ ಒಂದು ಚಿತ್ತೂ ಇಲ್ಲದ ಅವಳ ಪುಸ್ತಕದಲ್ಲಿ ಆ ಪುಟವೆಲ್ಲ ಹೊಡೆದು ಹಾಕಿದ ಅಂಕಿಗಳು. ಮಾರನೆಯ ಬೆಳಿಗ್ಗೆ, ಮೇಡಂಗೆ ಲೆಕ್ಕ ಒಪ್ಪಿಸುವ ಮೊದಲು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯ ಹೊಸಿಲಲ್ಲಿ ಕೂತಳು.

‘ಇನ್ನು ನನ್ನ ಕೈಲಿ ಆಗಲ್ಲ ಅಂತ ಮೇಡಂಗೆ ಹೇಳಿಬಿಡ್ತೀನಿ ರೀ. ಇಷ್ಟು ವರ್ಷ ಆದ್ಮೇಲೆ ಒಂದು ಒಳ್ಳೆ ಔಷಧಿ ಬಂದಿದೆ. ಕಣ್ಣು ಕಾಣದೋಳು ಕೂತು ಎಣಿಸಿ ಅದನ್ನ ಹಾಳು ಮಾಡಬಾರ್ದು.’

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ನನಗೆ ತಡೆಯಲಾಗಲಿಲ್ಲ.

‘ಯಾರೇ ಕಣ್ಣು ಕಾಣದೋಳು! ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಏಳಕ್ಕೆ ಔಷಧಿ ಹೊಡೀಬೇಕಿತ್ತು, ನೀರು ಹೊಡೆದೆ. ಎಂಟಕ್ಕೆ ನೀರು ಹೋಗಬೇಕಿತ್ತು, ಔಷಧಿ ಹೋಯ್ತು. ಅದಲುಬದಲು ಮಾಡಿದೋನು ನಾನು!’

ಅವಳ ಕೈಗಳು ಕಿವಿಯ ಕಡೆ ಎದ್ದು ಅರ್ಧದಲ್ಲೇ ನಿಂತವು. ಏನು ಮಾಡಿದೆನೆಂದು ನನಗೆ ಹೊಳೆದದ್ದು ಆಗ. ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿಯಾಗಿತ್ತು.

ಮೇಡಂಗೆ ನಾನೇ ಫೋನು ಹಚ್ಚಿ ಎಲ್ಲ ಒಪ್ಪಿಕೊಂಡೆ. ಚೆನ್ನಾಗಿ ಉಗಿದರು, ಉಗಿಸಿಕೊಂಡೆ. ಆಮೇಲೆ ಅಕ್ಕನಿಗೆ ಕೊಡಿ ಎಂದರು.

‘ಅಕ್ಕಾ, ತಪ್ಪಾಯ್ತು, ಕ್ಷಮಿಸಿ. ನಿಮ್ಮ ಲೆಕ್ಕನೇ ಸರಿ. ಔಷಧಿ ಬಿದ್ದಲ್ಲಿ ಚುಕ್ಕೆ ಇಲ್ಲ ಅಂತ ಏನೂ ಗೊತ್ತಿಲ್ಲದೆ ತೋರಿಸಿಕೊಟ್ಟಿದ್ದೀರಿ. ಆ ಎರಡು ಸಾಲು ಬಿಟ್ಟು ಉಳಿದ ಹತ್ತನ್ನ ಎಣಿಸಿ, ಸಾಕು.’

‘ಆಗಲ್ಲ ಮೇಡಂ. ಏಳನೇ ಸಾಲಿನ ಎಲೆನೂ ನೋಡಿದ್ದೀನಿ, ಎಂಟನೇದರ ಎಲೆನೂ ನೋಡಿದ್ದೀನಿ. ಔಷಧಿ ಬಿದ್ದ ಎಲೆ ಹೇಗಿರುತ್ತೆ ಅಂತ ಈಗ ಗೊತ್ತಾಗಿಹೋಯ್ತು. ಇನ್ನು ಯಾವ ಸಾಲಿಗೆ ಹೋದ್ರೂ ಕಣ್ಣು ಅದನ್ನೇ ಹುಡುಕುತ್ತೆ. ಪಕ್ಕದ ಕೇಂದ್ರದವರನ್ನೇ ಕಳಿಸಿ.’

‘ಅಯ್ಯೋ ಅಕ್ಕಾ, ಇದು ನಮ್ಮ ಮೂರು ಜನಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.’

‘ನನಗೆ ಗೊತ್ತಲ್ಲ ಮೇಡಂ’ ಎಂದು ಫೋನಿಟ್ಟಳು.

ನನಗೆ ಮೈ ಪರಚಿಕೊಳ್ಳುವಂತಾಯಿತು. ಇನ್ನು ಮೂರೇ ಎಣಿಕೆ ಬಾಕಿ. ಔಷಧಿ ಗೆಲ್ಲುತ್ತಿದೆ, ಗೆದ್ದದ್ದನ್ನು ನೋಡಬೇಕೆಂದು ಕಾದವಳು ತಾನಾಗಿಯೇ ಎದ್ದು ಹೊರಟಿದ್ದಾಳೆ. ‘ಇಷ್ಟೊಂದು ಹಟ ಯಾಕೇ? ಮೇಡಮ್ಮೇ ಎಣಿಸು ಅಂದ್ಮೇಲೆ ನಿನಗೇನು ಬಂತು?’ ಎಂದು ಕೂಗಾಡಿದೆ.

ಅವಳು ಕೂಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೆಟ್ಟಗೆ ನೋಡಿದಳು.

‘ನನ್ನ ಕಣ್ಣು ಸರಿ ಇದೆ ಅಂತ ಹೇಳೋಕೆ ಹನ್ನೊಂದು ದಿನ ತಗೊಂಡ್ರಿ. ಸಾಲಿನ ನಂಬರು ಹೇಳೋಕೆ ಒಂದು ನಿಮಿಷನೂ ಬೇಕಾಗಲಿಲ್ಲ.’

ಅಷ್ಟು ಹೇಳಿ, ಹೊಸದಾಗಿ ಬರುವವರಿಗಾಗಿ ಪುಸ್ತಕವನ್ನು ಕೇಂದ್ರಕ್ಕೆ ಒಪ್ಪಿಸಲು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನೂ ಬಾಗಿಲು ಎಳೆದುಕೊಂಡು ಹಿಂದೆ ಹೋದೆ. ಅವತ್ತು ಔಷಧಿ ಹೊಡೆಯುವುದಿತ್ತು.