ಉಗ್ರಾಣದಲ್ಲಿ ಕೂಡಿಸಿದ ಮದುವೆ

ನನ್ನ ಎಸ್‌ಎಸ್‌ಡಿ ಡ್ರೈವ್, ಅಂದರೆ ವಿಡಿಯೊ ತುಂಬಿಡುವ ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಕೊಂಡು ತಂದ ದಿನ ಹಾನಗಲ್ಲಿನ ನಮ್ಮ ಮನೆಯಲ್ಲಿ ಯಾರಿಗೂ ಅದರ ಮೇಲೆ ಗೌರವ ಹುಟ್ಟಲಿಲ್ಲ. ಅಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು, ಭತ್ತದ ಕಾಳು ನೋಡುವ ಹಾಗೆ ಹೊರಳಿಸಿ ಹೊರಳಿಸಿ ನೋಡಿ, "ಇದರಾಗ ಎಷ್ಟ ಹಿಡೀತೈತಿ?" ಎಂದರು. ಭತ್ತದ ವ್ಯಾಪಾರದಲ್ಲೇ ತಲೆ ನರೆತವರಿಗೆ ಬೇರೆ ಪ್ರಶ್ನೆ ಹೊಳೆಯುವುದಾದರೂ ಹೇಗೆ? ನನ್ನ ಹಳೆಯ ಹಾರ್ಡ್ ಡಿಸ್ಕಿನಷ್ಟೂ ಇದು ಹಿಡಿಯುವುದಿಲ್ಲ, ಬೆಲೆ ಮಾತ್ರ ಅದಕ್ಕಿಂತ ಹೆಚ್ಚು ಎಂದು ಗೊತ್ತಾದ ಮೇಲೆ ಅದನ್ನು ಮೇಜಿನ ಮೇಲಿಟ್ಟುಬಿಟ್ಟರು.

"ಅಪ್ಪಾ, ನಿಮ್ಮ ಗೋದಾಮ ಎಷ್ಟ ದೊಡ್ಡದಿದ್ರೂ ಬಾಗಲಾ ಸಣ್ಣದಿದ್ರ ಲಾರಿ ತುಂಬಾಕ ಎಷ್ಟ ಹೊತ್ತ ಬೇಕು?" ಎಂದೆ. "ಇದರ ಬಾಗಲಾ ದೊಡ್ಡದೈತಿ."

ಅಪ್ಪ ಅದನ್ನು ಮತ್ತೆ ಕೈಗೆತ್ತಿಕೊಂಡರು. ಮರುದಿನ ಅಂಗಡಿಗೆ ಬಂದವರಿಗೆಲ್ಲ, ನನ್ನ ಮಗಳು ದೊಡ್ಡ ಬಾಗಿಲಿನ ಡಬ್ಬಿ ತಂದಿದ್ದಾಳೆ ಎಂದು ಹೇಳಿದರಂತೆ.

ನನ್ನದು ಮದುವೆ ವಿಡಿಯೊ ಮಾಡುವ ಕೆಲಸ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಕರೆದರೂ ಹೋಗುತ್ತೇನೆ. ಜೊತೆಗೆ ಇಬ್ಬರು ಗೆಳತಿಯರು, ಒಟ್ಟು ಮೂರು ಕ್ಯಾಮೆರಾ. ಹೆಂಗಸರು ಕ್ಯಾಮೆರಾ ಹಿಡಿದು ನಿಂತರೆ, "ನಿನ್ನ ಲಗ್ನದ ವಿಡಿಯೊ ಯಾರ ಮಾಡ್ತಾರವ್ವಾ?" ಎಂದು ಕೇಳುವವರು ಊರಿಗೊಬ್ಬರಾದರೂ ಸಿಗುತ್ತಾರೆ. "ನಾನ ಮಾಡ್ಕೋತೇನ್ರಿ, ನೀವು ಊಟಾ ಮಾಡಿ ಹೋಗ್ರಿ" ಎನ್ನುತ್ತೇನೆ. ಅದಕ್ಕೆ ನಗುತ್ತಾರೆ, ನಾನೂ ನಗುತ್ತೇನೆ. ಆದರೆ "ಎಡಿಟಿಂಗ್ ಹುಬ್ಬಳ್ಳಿಗೆ ಕಳಸ್ತೀರೇನು?" ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಒಂದು ಹೂವಿನ ಹಾರವನ್ನೂ ಕೈಬಿಡದೆ ಎಲ್ಲವನ್ನೂ ಕತ್ತರಿಸಿ ಜೋಡಿಸುವವಳು ನಾನೇ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ.

ಆ ಲ್ಯಾಪ್‌ಟಾಪಿನ ಹೊಟ್ಟೆ ಯಾವತ್ತೋ ತುಂಬಿಹೋಗಿದೆ. ಹಾಗಾಗಿ ಮೊದಲೆಲ್ಲ ದೃಶ್ಯಗಳನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿಟ್ಟು ಅಲ್ಲಿಂದಲೇ ಎಡಿಟ್ ಮಾಡುತ್ತಿದ್ದೆ. ಮೂರು ಕ್ಯಾಮೆರಾದ ಚಿತ್ರಗಳನ್ನು ಒಟ್ಟಿಗೆ ಓಡಿಸಿದರೆ ಅದು ತಡವರಿಸುತ್ತಿತ್ತು. ಮದುಮಗ ತಾಳಿಗೆ ಕೈ ಚಾಚಿದವನು ಚಾಚಿದಂತೆಯೇ ನಿಂತುಬಿಡುತ್ತಿದ್ದ. ಅದಕ್ಕಾಗಿ ಪ್ರತಿಯೊಂದು ದೃಶ್ಯದ ಹಗುರವಾದ ನಕಲು ಮಾಡಿಕೊಂಡು ಕೆಲಸ ಮಾಡಬೇಕಿತ್ತು. ನಕಲಾಗುವಷ್ಟರಲ್ಲಿ ಅವ್ವನ ಅಡುಗೆಯಾಗಿ, ನನ್ನ ಊಟವಾಗಿ, ಒಂದು ನಿದ್ದೆಯೂ ಆಗಿರುತ್ತಿತ್ತು. ಹೊಸ ಡ್ರೈವಿಗೆ ಅದೆಲ್ಲ ಬೇಕಿಲ್ಲ. ತಂದ ದಿನವೇ ಒಂದು ಹಳೆಯ ಮದುವೆಯನ್ನು ಹಾಕಿ ನೋಡಿದೆ. ಮೂರೂ ಚಿತ್ರಗಳು ಒಟ್ಟೊಟ್ಟಿಗೆ ಎಲ್ಲೂ ನಿಲ್ಲದೆ ಓಡಿದವು. ಕುರ್ಚಿಯಲ್ಲಿ ಕುಳಿತಲ್ಲೇ ಒಬ್ಬಳೇ ನಕ್ಕೆ.

ಅದಾದ ಸ್ವಲ್ಪ ದಿನಕ್ಕೆ ಖಂಡೇನಮಿ ಬಂತು. ಮಹಾನವಮಿಯ ಆಯುಧ ಪೂಜೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಅವತ್ತು ನಾನು ಶಿಗ್ಗಾಂವಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅಪ್ಪನ ತಕ್ಕಡಿ, ಈಳಿಗೆ, ಕುಡುಗೋಲು, ಬೈಕಿನ ಕೀಲಿಯ ಸಾಲಿನಲ್ಲಿ ನನ್ನ ಡ್ರೈವೂ ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಚೆಂಡುಹೂವು ಮುಡಿದು ಕುಳಿತಿತ್ತು. ಅವ್ವನ ಮುಖ ನೋಡಿ ಬೈಯುವ ಮನಸ್ಸಾಗಲಿಲ್ಲ. ಹೂವು ತೆಗೆದು, ಬಟ್ಟೆಯಿಂದ ಮೇಲೆ ಒರೆಸಿ ಚೀಲಕ್ಕೆ ಹಾಕಿದೆ.

ತುಳಸಿ ಲಗ್ನದವರೆಗೆ ಮದುವೆಗಳಿಲ್ಲ, ಡ್ರೈವ್ ಚೀಲದಲ್ಲೇ ಇತ್ತು. ಆಮೇಲಿನ ಮೊದಲ ಮದುವೆ ಹಿರೇಕೆರೂರಿನದು. ಗಂಡಿನವರು ಸವಣೂರಿನವರು. ಊಟ ಮುಗಿದ ಕೂಡಲೇ ಹೊರಟು, ದೀಪ ಹಚ್ಚುವ ಹೊತ್ತಿಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕೆಂದು ಅವಸರ ಮಾಡುತ್ತಿದ್ದರು. ತಾಳಿ ಕಟ್ಟುವ ಹೊತ್ತಿಗೆ ಎಂದಿನಂತೆ ಸಭಾಂಗಣವೆಲ್ಲ ಎದ್ದು ನಿಂತಿತು. ಅಕ್ಷತೆಯ ಅಕ್ಕಿಕಾಳು ಹಾಕುವವರು ಕೆಲವರಾದರೆ ಮೊಬೈಲ್ ಎತ್ತಿ ಹಿಡಿದವರು ಎಲ್ಲರೂ. ನನ್ನ ಕ್ಯಾಮೆರಾದ ಮುಂದೆ ಯಾರೋ ಒಬ್ಬ ದೊಡ್ಡಪ್ಪನ ಬೆನ್ನು ಬಂದು ನಿಂತಿತು. ಸರಿಯಿರಿ ಎಂದು ಕೂಗಿದ್ದು ಬಾಜಾದ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಫೋಟೊಗೆ ನಿಲ್ಲಿಸುವಾಗ ಮದುಮಗಳು ನನ್ನ ಕಿವಿಯ ಹತ್ತಿರ ಬಂದಳು.

"ಅಕ್ಕಾರ, ನಮ್ಮವ್ವ ತಾಳಿ ಕಟ್ಟಿದ್ದು ನೋಡಿಲ್ಲರಿ. ಉಗ್ರಾಣದಾಗ ಕುಂತಾಳ. ಅಪ್ಪ ತೀರಿಹೋದಾಗಿಂದ ಆಕಿ ಇಂಥಾದ್ದಕ್ಕೆಲ್ಲಾ ಮುಂದ ಬರೂದಿಲ್ಲ. ನಾ ಹೊರಡೂದ್ರಾಗ ಆಕಿಗಿ ಅದಷ್ಟ ತೋರಿಸಾಕ ಆಗ್ತೈತೇನ್ರಿ? ಇಲ್ಲಂದ್ರ ನನಗ ಗಾಡಿ ಹತ್ತಾಕ ಆಗೂದಿಲ್ಲ."

ಮೂರು ಕ್ಯಾಮೆರಾದಲ್ಲಿ ಒಂದರಲ್ಲೂ ಆ ಗಳಿಗೆ ಪೂರ್ತಿ ಇಲ್ಲ ಎಂಬುದು ನನಗೆ ಗೊತ್ತಿತ್ತು. ಒಂದರಲ್ಲಿ ಕೈ, ಒಂದರಲ್ಲಿ ಮುಖ, ನಡುವೆ ಆ ದೊಡ್ಡಪ್ಪನ ಬೆನ್ನು. ಮೂರನ್ನೂ ಕೂಡಿಸಿದರೆ ಮಾತ್ರ ಮದುವೆ ಕಾಣುತ್ತದೆ. ಆದರೂ, "ಆಗ್ತೈತಿ. ನೀ ಊಟಕ್ಕ ಕುಂದ್ರು ಹೋಗು" ಎಂದುಬಿಟ್ಟೆ.

ಉಗ್ರಾಣದಲ್ಲಿ ಆ ತಾಯಿ ಬೀಗರಿಗೆ ಕೊಡುವ ಎಲೆ ಅಡಿಕೆ, ತೆಂಗಿನಕಾಯಿಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಹೊಸ ಸೀರೆ ಉಟ್ಟಿದ್ದರು. ನಾನು ಅಕ್ಕಿ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಂದ ಕಾರಣ ಹೇಳಿದೆ.

"ಆಕಿಗಿ ಹುಚ್ಚರಿ" ಎಂದರು ಅವರು. "ಯಾರೂ ನನಗ ಬರಬ್ಯಾಡ ಅಂದಿಲ್ಲ. ನಾನ ಹೋಗಿಲ್ಲ."

ಯಾರೂ ಬರಬೇಡ ಎನ್ನಲಿಲ್ಲ, ನಿಜವೇ ಇರಬೇಕು. ಯಾರೂ ಬಾ ಎಂದು ಕೈ ಹಿಡಿದು ಕರೆಯಲೂ ಇಲ್ಲ. ಆ ಸಭಾಂಗಣದಲ್ಲಿದ್ದ ಎಲ್ಲರ ಮೇಲೂ ನನಗೆ ಸಿಟ್ಟು ಬಂತು. ನಾನೂ ಬೆಳಗಿನಿಂದ ಅಲ್ಲೇ ಇದ್ದೆನಲ್ಲ ಎಂದು ನೆನಪಾಗಿ ಇನ್ನಷ್ಟು ಬಂತು. "ಕುಂದರ್ರಿ, ತೋರಿಸ್ತೇನಿ" ಎಂದು ಕ್ಯಾಮೆರಾಗಳ ಕಾರ್ಡು ತೆಗೆದು ಡ್ರೈವಿಗೆ ನಕಲು ಮಾಡಲು ಹಚ್ಚಿದೆ.

ನಕಲು ಶುರುವಾಗಿ ನಿಂತುಹೋಯಿತು. ಕೇಬಲ್ ಬಿಚ್ಚಿ ಹಾಕಿದೆ. ಡ್ರೈವ್ ಒಮ್ಮೆ ಕಾಣಿಸುತ್ತದೆ, ಒಮ್ಮೆ ಮಾಯವಾಗುತ್ತದೆ. ಬೇರೆ ಕೇಬಲ್ ಹಾಕಿದರೂ ಅದೇ ಹಾಡು. ಹೊರಗೆ ಒಂದು ಪಂಕ್ತಿ ಎದ್ದು, ಕೊನೆಯ ಪಂಕ್ತಿಗೆ ಎಲೆ ಹಾಕುವ ಸದ್ದು ಕೇಳುತ್ತಿತ್ತು. ದೊಡ್ಡ ಬಾಗಿಲಿನ ಡಬ್ಬಿ ಎಂದು ಊರೆಲ್ಲ ಹೇಳಿಸಿಕೊಂಡಿದ್ದು ಇದಕ್ಕೇನಾ ಎನಿಸಿತು. ಕೊನೆಗೆ ಡ್ರೈವನ್ನು ಬೆಳಕಿಗೆ ಹಿಡಿದು ಕೇಬಲ್ ಸಿಕ್ಕಿಸುವ ಕಿಂಡಿಯೊಳಗೆ ನೋಡಿದೆ. ಒಳಗೆಲ್ಲ ಕೆಂಪಗಿತ್ತು.

ಅವ್ವನಿಗೆ ಫೋನ್ ಹಚ್ಚಿದೆ. "ಅವ್ವಾ, ಖಂಡೇನಮಿ ದಿವಸ ಆ ಡಬ್ಬಿ ಕಿಂಡಿಗೂ ಕುಂಕುಮ ಹಚ್ಚಿದೇನ?"

"ಮತ್ತ? ಬಾಯಿ ಅದ ಅಲ್ಲೇನು? ಬಾಯಿಗಿ ಹಚ್ಚಲಾರದ ಎಲ್ಲಿ ಹಚ್ಚಬೇಕಿತ್ತು?" ಎಂದಳು ಅವ್ವ, ತಪ್ಪೆಲ್ಲ ನನ್ನದೇ ಎನ್ನುವ ಹಾಗೆ. "ತಕ್ಕಡಿಗಿಂತ ಜಾಸ್ತಿನ ಹಚ್ಚೇನಿ."

ಜಗಳ ಮನೆಗೆ ಹೋದ ಮೇಲೆ ಮಾಡಿದರಾಯಿತೆಂದು ಫೋನ್ ಇಟ್ಟೆ. ಆ ತಾಯಿ ಆಗಲೇ ಎದ್ದು ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ತಂದಿದ್ದರು. ದೀಪದ ಬತ್ತಿಗೆಂದು ಇಟ್ಟಿದ್ದ ಅರಳೆಯನ್ನು ಅದರ ತುದಿಗೆ ತೆಳ್ಳಗೆ ಸುತ್ತಿಕೊಟ್ಟರು. ನಾನು ಡ್ರೈವನ್ನು ಬೋರಲು ಹಿಡಿದು, ಒಳಗಿನ ತೆಳ್ಳನೆಯ ನಾಲಗೆ ಮುರಿಯದಂತೆ ಉಸಿರು ಬಿಗಿಹಿಡಿದು ಕೆದಕುತ್ತ ಹೋದೆ. ಅವರು ಮೊಬೈಲಿನ ಬೆಳಕು ಹಿಡಿದರು.

"ಏನರಿ ಅದು ಬೀಳಾಕತ್ತಿದ್ದು?"

"ಕುಂಕುಮರಿ."

ಅವರು ಬೆಳಕನ್ನು ಇನ್ನಷ್ಟು ಹತ್ತಿರ ತಂದರು.

ಈ ಸಲ ಕೇಬಲ್ ಹಾಕಿದಾಗ ಡ್ರೈವಿನ ಸಣ್ಣ ದೀಪ ಮಿನುಗಿತು, ಮಿನುಗುತ್ತಲೇ ಇತ್ತು. ನಕಲಿನ ಪಟ್ಟಿ ಸರಸರನೆ ತುಂಬಿತು. ಮೂರೂ ಕ್ಯಾಮೆರಾಗಳನ್ನು ಬಾಜಾದ ಸದ್ದಿಗೆ ಹೊಂದಿಸಿ ಒಟ್ಟಿಗೆ ಓಡಿಸಿದೆ. ಆ ಹಳೆಯ ಲ್ಯಾಪ್‌ಟಾಪ್ ಎಲ್ಲೂ ಮುಗ್ಗರಿಸಲಿಲ್ಲ. ಬೆನ್ನು ಅಡ್ಡ ಬಂದ ಕಡೆ ಎಡಗಡೆಯ ಕ್ಯಾಮೆರಾಕ್ಕೆ ಹಾರಿದೆ, ಅಲ್ಲಿ ಮೊಬೈಲ್ ಅಡ್ಡ ಬಂದರೆ ಬಲಗಡೆಗೆ. ಮಗಳ ಬಾಗಿದ ತಲೆ, ತಾಳಿಯ ಗಂಟು, ಮತ್ತೆ ಮಗಳ ಮುಖ. ಹಾಡು ಹಾಕಲಿಲ್ಲ, ಬಣ್ಣ ತಿದ್ದಲಿಲ್ಲ. ಮದುವೆಯ ಸದ್ದನ್ನೇ ಉಳಿಸಿದೆ. ನನ್ನ ಕೈ ಅಷ್ಟು ಚುರುಕಾಗಿ, ಅಷ್ಟು ಸರಿಯಾಗಿ ಓಡಿದ್ದು ಅದೇ ಮೊದಲು. ಹುಬ್ಬಳ್ಳಿಯವರನ್ನೆಲ್ಲ ಕರೆದು ಆ ಉಗ್ರಾಣದಲ್ಲಿ ಕೂರಿಸಿ ತೋರಿಸಬೇಕೆನಿಸಿತು.

"ಬರ್ರಿ" ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತರು. ಅಷ್ಟರಲ್ಲಿ ಹೊರಗೆ ಗಾಡಿಯ ಹಾರ್ನ್ ಕೇಳಿತು. ತನ್ನ ಅವ್ವನಿಗೆ ಹೇಳಿ ಹೋಗಲು ಮದುಮಗಳು ಬಾಗಿಲಿಗೆ ಬಂದವಳು, ಪರದೆಯನ್ನು ನೋಡಿ ಅಲ್ಲೇ ನಿಂತಳು. ನಾನು ಚಿತ್ರ ಓಡಿಸಿದೆ.

ಪರದೆಯ ಮೇಲೆ ಬಾಜಾ ಜೋರಾಯಿತು. ಮಗಳು ತಲೆ ಬಾಗಿಸಿದಳು. ಇಲ್ಲಿ ಉಗ್ರಾಣದಲ್ಲಿ ತಾಯಿ ಅತ್ತಿತ್ತ ಕೈಯಾಡಿಸಿದರು. ಪಕ್ಕದಲ್ಲಿ, ಹಂಚಿ ಉಳಿದ ಅಕ್ಕಿಕಾಳಿನ ತಟ್ಟೆಯಿತ್ತು. ಗಂಟು ಬೀಳುವ ಹೊತ್ತಿಗೆ, ಸಭಾಂಗಣದವರೆಲ್ಲ ಕೈ ಎತ್ತುವ ಹೊತ್ತಿಗೆ, ಅವರೂ ಮುಷ್ಟಿ ತುಂಬಿಕೊಂಡು ಕೈ ಎತ್ತಿ ಪರದೆಯ ಮೇಲೆ ಹಾಕಿದರು. ಕಾಳುಗಳು ಪರದೆಗೆ ತಾಗಿ ಕೀಬೋರ್ಡಿನ ಮೇಲೆ, ಡ್ರೈವಿನ ಮೇಲೆ ಉದುರಿದವು. ನಾನು ಬೇಡ ಎನ್ನಲಿಲ್ಲ. ನನ್ನ ಕೆಲಸಕ್ಕೆ ಯಾರೂ ಹಾಗೆ ಅಕ್ಕಿಕಾಳು ಹಾಕಿರಲಿಲ್ಲ.

ಅವರು ಇನ್ನೊಂದು ಮುಷ್ಟಿ ತುಂಬಿಕೊಂಡರು. ಅಷ್ಟರಲ್ಲಿ ಮದುಮಗಳು ಒಳಗೆ ಬಂದು, ಪರದೆಗೂ ತಾಯಿಗೂ ನಡುವೆ ಮೊಣಕಾಲೂರಿ ತಲೆ ಬಾಗಿಸಿದಳು.

"ಅವ್ವಾ, ನಾ ಇಲ್ಲೇ ಅದೇನಿ. ಇಲ್ಲಿ ಹಾಕು" ಎಂದಳು.